ಮಾತ್ರೆಯಿಂದ ಮೈ ಸುಟ್ಟಂತಾಗುವ ಅಲರ್ಜಿ: ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಕ್ಕನಿಗೆ ಫಿಟ್ಸ್ ಮಾತ್ರೆಯಿಂದ ಈ ಕಾಯಿಲೆ ಬಂದು ಆರು ವರ್ಷವಾಯಿತು. ಅವತ್ತಿನಿಂದ ನೆಂಟರು, ಅಕ್ಕಪಕ್ಕದವರು, ಯಾರಿಂದಲೋ ನಂಬರ್ ತಗೊಂಡು ಫೋನ್ ಮಾಡಿದ ಗುರುತಿಲ್ಲದವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನಾನು ಡಾಕ್ಟರಲ್ಲ. ಅಕ್ಕನ ಹಾಸಿಗೆ ಪಕ್ಕ ಕೂತು ಕಲಿತದ್ದು, ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದದ್ದು ಇಲ್ಲಿದೆ.

ಇದು ಏನು ಕಾಯಿಲೆ?

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳ ಕೆಲಸ ಹೊರಗಿನಿಂದ ಬಂದ ರೋಗಾಣುಗಳನ್ನು ಕೊಲ್ಲುವುದು. ಕೆಲವೇ ಕೆಲವರಲ್ಲಿ, ಯಾವುದೋ ಒಂದು ಔಷಧಿ ಒಳಗೆ ಹೋದಾಗ, ಈ ಕಣಗಳು ಚರ್ಮದ ಜೀವಕೋಶಗಳನ್ನೇ ಶತ್ರು ಅಂತ ತಿಳಿದು ಕೊಲ್ಲಲು ಶುರು ಮಾಡುತ್ತವೆ. ಚರ್ಮದ ಮೇಲ್ಪದರ ಸತ್ತು, ಕೆಳಗಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಬಿಸಿನೀರು ಬಿದ್ದು ಬೊಬ್ಬೆ ಎದ್ದ ಹಾಗೆ. ಬಾಯಿ, ಗಂಟಲು, ಕಣ್ಣು, ಮೂತ್ರದ ಜಾಗ ಹೀಗೆ ಒಳಚರ್ಮ ಎಲ್ಲೆಲ್ಲಿ ಒದ್ದೆಯಾಗಿದೆಯೋ ಅಲ್ಲೆಲ್ಲ ಹುಣ್ಣಾಗುತ್ತದೆ.

1922ರಲ್ಲಿ ಅಮೆರಿಕದ ಇಬ್ಬರು ಮಕ್ಕಳ ಡಾಕ್ಟರುಗಳು, ಸ್ಟೀವನ್ಸ್ ಮತ್ತು ಜಾನ್ಸನ್, ಇಬ್ಬರು ಹುಡುಗರಲ್ಲಿ ಇದನ್ನು ಕಂಡು ಬರೆದರು. ಹಾಗಾಗಿ ಆ ಹೆಸರು. ಇದರ ಇನ್ನೂ ಭೀಕರ ರೂಪವನ್ನು 1956ರಲ್ಲಿ ಅಲನ್ ಲೈಯೆಲ್ ಎಂಬ ಚರ್ಮದ ಡಾಕ್ಟರು ವಿವರಿಸಿದರು. ಅದಕ್ಕೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್ ಅಂತ ಹೆಸರು, ಆಸ್ಪತ್ರೆಯಲ್ಲಿ ಚಿಕ್ಕದಾಗಿ 'ಟೆನ್' ಅನ್ನುತ್ತಾರೆ. ಎರಡೂ ಒಂದೇ ಕಾಯಿಲೆ, ತೀವ್ರತೆ ಬೇರೆ. ಮೈಚರ್ಮದ ಶೇ 10ಕ್ಕಿಂತ ಕಡಿಮೆ ಕಿತ್ತುಬಂದರೆ ಸ್ಟೀವನ್ಸ್-ಜಾನ್ಸನ್, ಶೇ 30 ದಾಟಿದರೆ ಟೆನ್, ನಡುವೆ ಇದ್ದರೆ ಎರಡರ ಬೆರಕೆ. ಮೊದಲನೆಯದರಲ್ಲಿ ಹತ್ತು ಜನರಲ್ಲಿ ಹೆಚ್ಚೆಂದರೆ ಒಬ್ಬರು ಸಾಯುತ್ತಾರೆ. ಟೆನ್ ಆದರೆ ಸುಮಾರು ಮೂವರಲ್ಲಿ ಒಬ್ಬರು.

ಇದು ತುಂಬಾ ಅಪರೂಪ ಅಂತಾರೆ. ಹಾಗಿದ್ದರೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಅಪರೂಪವೇ ಹೌದು. ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 2ರಿಂದ 7 ಜನರಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 10 ಲಕ್ಷ. ಅದೇ ಲೆಕ್ಕ ಇಲ್ಲಿಗೆ ಹಾಕಿದರೆ ವರ್ಷಕ್ಕೆ ಸುಮಾರು ನೂರಿಪ್ಪತ್ತರಿಂದ ನಾನೂರಿಪ್ಪತ್ತು ಮನೆ. ಅಪರೂಪ ಆಗಿರುವುದಕ್ಕೇ ಮನೆಯವರಿಗೆ ಹೊಳೆಯುವುದಿಲ್ಲ. ಎಷ್ಟೋ ಸಲ ಮೊದಲು ನೋಡಿದ ಡಾಕ್ಟರಿಗೂ ಹೊಳೆಯುವುದಿಲ್ಲ. ಆ ಗೊತ್ತಾಗದ ಎರಡು ಮೂರು ದಿನದಲ್ಲೇ ಮೈಗೆ ಆಗಬಾರದ್ದು ಆಗಿಬಿಡುತ್ತದೆ.

ಯಾವ ಮಾತ್ರೆಗಳಿಂದ ಬರುತ್ತದೆ?

ಎಲ್ಲ ಮಾತ್ರೆಗೂ ಭಯ ಪಡಬೇಕಾಗಿಲ್ಲ. ಹೆಚ್ಚಿನ ಪ್ರಕರಣಗಳ ಹಿಂದೆ ಇರುವುದು ಬೆರಳೆಣಿಕೆಯ ಔಷಧಿಗಳು.

ಮೊದಲು ಫಿಟ್ಸ್ ಮಾತ್ರೆಗಳು: ಕಾರ್ಬಮಜೆಪಿನ್, ಫೆನಿಟೋಯಿನ್, ಫಿನೋಬಾರ್ಬಿಟೋನ್, ಲ್ಯಾಮೋಟ್ರಿಜಿನ್. ಕಾರ್ಬಮಜೆಪಿನ್ ಅನ್ನು ಮುಖದ ನರ ನೋವಿಗೂ ಕೊಡುತ್ತಾರೆ. ಹಾಗಾಗಿ 'ನನಗೆ ಫಿಟ್ಸ್ ಇಲ್ವಲ್ಲ' ಅಂತ ಈ ಸಾಲು ಬಿಟ್ಟು ಮುಂದೆ ಹೋಗಬೇಡಿ. ಲ್ಯಾಮೋಟ್ರಿಜಿನ್ ಮನಸ್ಸಿನ ಏರುಪೇರಿನ ಕಾಯಿಲೆಗೂ ಬಳಕೆಯಲ್ಲಿದೆ. ಅದನ್ನು ತೀರಾ ಕಡಿಮೆ ಡೋಸಿನಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುವುದು ಇದೇ ಕಾರಣಕ್ಕೆ. ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಜತೆ ಕೊಟ್ಟರೆ ಇನ್ನೂ ನಿಧಾನ. ಊರಿಗೆ ಹೋದಾಗ ಮಾತ್ರೆ ಮರೆತು ಒಂದು ವಾರ ತಪ್ಪಿದರೆ, ವಾಪಸ್ ಬಂದು ಪೂರ್ತಿ ಡೋಸ್ ನುಂಗಬೇಡಿ. ಡಾಕ್ಟರನ್ನು ಕೇಳಿ, ಮತ್ತೆ ಸಣ್ಣ ಡೋಸಿನಿಂದಲೇ ಏರಿಸಬೇಕಾಗಬಹುದು.

ಆಮೇಲೆ ಅಲೋಪ್ಯೂರಿನಾಲ್, ಯೂರಿಕ್ ಆಸಿಡ್ ಇಳಿಸುವ ಮಾತ್ರೆ. ಕಾಲ್ಬೆರಳು ಊದಿ ನೋಯುವ ಗೌಟ್ ಇರುವವರಿಗೆ ಇದು ಒಳ್ಳೆಯ ಔಷಧಿ. ಆದರೆ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಕಂಡಿತು ಅಂತ, ನೋವೇನೂ ಇಲ್ಲದವರೂ ಇದನ್ನು ನುಂಗುತ್ತಿದ್ದಾರೆ. ಅಂಥವರು 'ಇದು ನನಗೆ ನಿಜವಾಗಿ ಬೇಕಾ ಡಾಕ್ಟ್ರೇ?' ಅಂತ ಒಮ್ಮೆ ಕೇಳಲೇಬೇಕು. ಕಿಡ್ನಿ ತೊಂದರೆ ಇದ್ದರೆ ಅಪಾಯ ಜಾಸ್ತಿ.

ಮೂರನೆಯದು ಸಲ್ಫಾ ಜಾತಿಯ ಆಂಟಿಬಯೋಟಿಕ್‌ಗಳು, ಮುಖ್ಯವಾಗಿ ಕೋಟ್ರೈಮೊಕ್ಸಜೋಲ್. ಇವಲ್ಲದೆ ಎಚ್‌ಐವಿಗೆ ಕೊಡುವ ನೆವಿರಪಿನ್, ಪಿರಾಕ್ಸಿಕ್ಯಾಮ್ ಮತ್ತು ಮೆಲಾಕ್ಸಿಕ್ಯಾಮ್ ಥರದ ನೋವಿನ ಮಾತ್ರೆಗಳು, ಕರುಳಿನ ಉರಿಗೆ ಮತ್ತು ಸಂಧಿವಾತಕ್ಕೆ ಕೊಡುವ ಸಲ್ಫಸಲಜಿನ್.

ಮಕ್ಕಳಲ್ಲಿ ಕೆಲವೊಮ್ಮೆ ಮಾತ್ರೆಯ ಪಾತ್ರವೇ ಇಲ್ಲದೆ, ಮೈಕೋಪ್ಲಾಸ್ಮಾ ಎಂಬ ಸೋಂಕಿನ ಬೆನ್ನಿಗೆ ಇದೇ ರೀತಿ ಬಾಯಿ, ಕಣ್ಣು, ಚರ್ಮ ಹುಣ್ಣಾಗುವುದುಂಟು.

ಮಾತ್ರೆ ತಗೊಂಡ ತಕ್ಷಣ ಆಗುತ್ತದಾ?

ಇಲ್ಲ. ಜನ ಮೋಸ ಹೋಗುವುದು ಇಲ್ಲೇ. 'ಎರಡು ವಾರದಿಂದ ನುಂಗ್ತಿದ್ದೀನಿ, ಏನೂ ಆಗಿಲ್ಲ, ಅಂದಮೇಲೆ ಮಾತ್ರೆ ಕಾರಣ ಅಲ್ಲ' ಅಂದುಕೊಳ್ಳುತ್ತಾರೆ. ಹೊಸ ಔಷಧಿ ಶುರು ಮಾಡಿ ನಾಲ್ಕನೇ ದಿನದಿಂದ ನಾಲ್ಕನೇ ವಾರದ ನಡುವೆ ಬರುವುದೇ ಹೆಚ್ಚು. ಫಿಟ್ಸ್ ಮಾತ್ರೆಗಳಲ್ಲಿ ಮೊದಲ ಎರಡು ತಿಂಗಳು ಪೂರ್ತಿ ಎಚ್ಚರ ಬೇಕು. ವರ್ಷಗಟ್ಟಲೆ ಒಗ್ಗಿಹೋದ ಮಾತ್ರೆಯಿಂದ ಇದು ಬರುವುದು ತೀರಾ ಕಡಿಮೆ.

ಆದರೆ ಒಮ್ಮೆ ಈ ಕಾಯಿಲೆ ಬಂದವರು ಅದೇ ಔಷಧಿಯನ್ನು ಮತ್ತೆ ತಗೊಂಡರೆ ವಾರ ಕಾಯಬೇಕಿಲ್ಲ. ಗಂಟೆಗಳಲ್ಲೇ, ಇಲ್ಲವೇ ಒಂದೆರಡು ದಿನದಲ್ಲೇ ತಿರುಗಿ ಬರುತ್ತದೆ.

ಶುರುವಿನಲ್ಲಿ ಹೇಗೆ ಗುರುತಿಸುವುದು? ನೋಡಿದರೆ 'ಅಮ್ಮ' ಬಂದ ಹಾಗೇ ಇರುತ್ತದಲ್ವಾ?

ಈ ಪ್ರಶ್ನೆಗೆ ಅಕ್ಕನ ಕಥೆಯನ್ನೇ ಹೇಳುತ್ತೇನೆ.

ಮಾತ್ರೆ ಶುರು ಮಾಡಿದ 15ನೇ ದಿನ ಅವಳಿಗೆ ಗಂಟಲು ನೋವು, ಜ್ವರ, ಮೈಕೈ ನೋವು. ಮಳೆಯಲ್ಲಿ ನೆನೆದಿದ್ದಳು, ಶೀತ ಅಂದುಕೊಂಡೆವು. ಮಾರನೇ ದಿನ ಬಾಯಿ ತುಂಬಾ ಹುಣ್ಣು. ಅಮ್ಮ 'ಉಷ್ಣ ಆಗಿದೆ' ಅಂತ ಮಜ್ಜಿಗೆ ಕೊಟ್ಟರು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟರು. ಅವತ್ತೇ ಸಂಜೆ ಕಣ್ಣು ಕೆಂಪಾಗಿ ಉರಿ. ಪಕ್ಕದ ಮನೆಯವರು 'ಮದ್ರಾಸ್ ಐ ಎಲ್ಲಾ ಕಡೆ ಇದೆ' ಅಂದರು, ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು. 17ನೇ ದಿನ ಎದೆ ಮೇಲೆ, ಬೆನ್ನ ಮೇಲೆ ಕಪ್ಪುಗೆಂಪು ಮಚ್ಚೆಗಳು. ಅಜ್ಜಿ 'ಅಮ್ಮ ಬಂದಿದ್ದಾಳೆ' ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದರು. ಅಷ್ಟೂ ದಿನ ಬೆಳಗ್ಗೆ ರಾತ್ರಿ ಫಿಟ್ಸ್ ಮಾತ್ರೆ ತಪ್ಪಲಿಲ್ಲ. ನೀರಿನ ಲೋಟದ ಜತೆ ಅದನ್ನು ಅವಳ ಕೈಗೆ ಕೊಟ್ಟವಳು ನಾನೇ. 18ನೇ ದಿನ ಬೆಳಗ್ಗೆ ರವಿಕೆ ಬಿಚ್ಚುವಾಗ ಬೆನ್ನಿನ ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ ಬಟ್ಟೆಗೆ ಅಂಟಿಕೊಂಡು ಬಂತು.

ನೋಡಿ, ಒಂದೊಂದಕ್ಕೂ ನಮ್ಮ ಮನೆಯಲ್ಲಿ ಒಂದೊಂದು ಹೆಸರಿತ್ತು. ಶೀತ, ಉಷ್ಣ, ಮದ್ರಾಸ್ ಐ, ಅಮ್ಮ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರುವಂಥದ್ದಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟು, 'ಇತ್ತೀಚೆಗೆ ಯಾವ ಹೊಸ ಮಾತ್ರೆ ಶುರುವಾಯಿತು?' ಅಂತ ಕೇಳಿದವರು ಯಾರೂ ಇರಲಿಲ್ಲ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಆ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.

ಚಿಕನ್‌ಪಾಕ್ಸ್‌ನಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳು ಕಂತು ಕಂತಾಗಿ ಏಳುತ್ತವೆ, ಹೆಚ್ಚಾಗಿ ತುರಿಕೆ ಇರುತ್ತದೆ. ಇದರಲ್ಲಿ ತುರಿಕೆಗಿಂತ ನೋವು, ಉರಿ ಜಾಸ್ತಿ. ಮಚ್ಚೆ ಚಪ್ಪಟೆಯಾಗಿ, ನಡುವೆ ಕಪ್ಪಗೆ ಇರುತ್ತದೆ, ಬೇಗ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ತುಟಿ ಬಿರಿದು ರಕ್ತದ ಹೆಕ್ಕಳೆ ಕಟ್ಟುತ್ತದೆ. ಉಗುಳು ನುಂಗಲೂ ಆಗುವುದಿಲ್ಲ. ಮೂತ್ರ ಮಾಡುವಾಗ ಉರಿ ಅಂತ ಹೇಳಲು ಹೆಣ್ಣುಮಕ್ಕಳು ನಾಚಿಕೊಳ್ಳುತ್ತಾರೆ, ನೀವೇ ಕೇಳಿ.

ಮಾಮೂಲಿ ಅಲರ್ಜಿಗೂ ಇದಕ್ಕೂ ಏನು ವ್ಯತ್ಯಾಸ?

ಪಿತ್ತದ ಗಂಧೆ ಏಳುತ್ತದಲ್ಲ, ತುರಿಸುತ್ತದೆ, ಕೆಲವು ಗಂಟೆಗಳಲ್ಲಿ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಅದು ಬೇರೆ. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಉಸಿರು ಕಟ್ಟಿ, ಬಿಪಿ ಬಿದ್ದು, ಮುಖ ಊದಿಕೊಳ್ಳುವುದು ಅನಾಫಿಲಾಕ್ಸಿಸ್. ಪೆನಿಸಿಲಿನ್‌ನಿಂದ ಆಗುವುದನ್ನು ಕೇಳಿರುತ್ತೀರಿ. ಅದಕ್ಕೆ ತಕ್ಷಣ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಡಬೇಕು. ಅದು ನಿಮಿಷಗಳ ಲೆಕ್ಕ, ಇದು ವಾರಗಳ ಲೆಕ್ಕ. ಎರಡರಲ್ಲೂ ಜೀವಕ್ಕೆ ಅಪಾಯ.

'ಟೆಸ್ಟ್ ಡೋಸ್' ಕೊಟ್ಟು ನೋಡಿದರೆ ಗೊತ್ತಾಗುವುದಿಲ್ವಾ?

ಇಲ್ಲ. ಚರ್ಮಕ್ಕೆ ಸ್ವಲ್ಪ ಚುಚ್ಚಿ ನೋಡುವುದು ತಕ್ಷಣ ಆಗುವ ಅಲರ್ಜಿಗೆ ಮಾತ್ರ. ಎರಡು ವಾರದ ನಂತರ ಬರುವ ಇದು ಅದರಲ್ಲಿ ಸಿಗುವುದಿಲ್ಲ.

ಫಿಟ್ಸ್ ಮಾತ್ರೆಯನ್ನು ಯಾವತ್ತೂ ನಿಲ್ಲಿಸಬೇಡಿ ಅಂತ ಡಾಕ್ಟರೇ ಹೇಳಿರುತ್ತಾರಲ್ಲ? ಈಗ ಏನು ಮಾಡುವುದು?

ನಮ್ಮನ್ನು ಕಟ್ಟಿಹಾಕಿದ್ದು ಇದೇ ಮಾತು. ಆ ಮಾತು ಸರಿಯೇ. ಸುಮ್ನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರಬಹುದು. ಆದರೆ ಜ್ವರದ ಜತೆ ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ನೋಯುವ ಮಚ್ಚೆ ಬಂದಿದ್ದರೆ ಮುಂದಿನ ಡೋಸ್ ಕೊಡಬೇಡಿ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದ್ದರೆ ರಾತ್ರಿಯೇ. ಫಿಟ್ಸ್ ತಡೆಯಲು ಬೇರೆ ಜಾತಿಯ ಔಷಧಿಗಳಿವೆ. ಲೆವೆಟಿರಾಸೆಟಮ್ ಥರದ್ದನ್ನು ಅಲ್ಲಿ ಅವತ್ತೇ ಶುರು ಮಾಡಬಲ್ಲರು. ಅಂದರೆ ನಿಲ್ಲಿಸಿ ಮನೆಯಲ್ಲಿ ಕೂರುವುದೂ ತಪ್ಪು, ನಿಲ್ಲಿಸದೆ ಕೂರುವುದೂ ತಪ್ಪು.

ಔಷಧಿ ಎಷ್ಟು ಬೇಗ ನಿಲ್ಲುತ್ತದೋ ಬದುಕುವ ಸಾಧ್ಯತೆ ಅಷ್ಟು ಹೆಚ್ಚು. ಈ ಕಾಯಿಲೆಯಲ್ಲಿ ಮನೆಯವರ ಕೈಯಲ್ಲಿರುವುದು ಅದೊಂದೇ.

ಯಾವ ಆಸ್ಪತ್ರೆಗೆ ಹೋಗಬೇಕು? ಏನು ತಗೊಂಡು ಹೋಗಬೇಕು?

ಐಸಿಯು, ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು, ಸಾಧ್ಯವಾದರೆ ಸುಟ್ಟಗಾಯದ ವಾರ್ಡು, ಇಷ್ಟೂ ಇರುವ ದೊಡ್ಡ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ನೇರ ಹೋಗಿ, 108ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಕಳೆದ ಎರಡು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ಚೀಟಿ, ಖಾಲಿ ಸ್ಟ್ರಿಪ್ಪು ಇದ್ದರೆ ಅದನ್ನೂ ಒಂದು ಕವರಿಗೆ ಹಾಕಿಕೊಳ್ಳಿ. ಜ್ವರಕ್ಕೆ ಅಂತ ಕೊನೆಗೆ ತಗೊಂಡದ್ದು, ನಾಟಿ ಔಷಧಿ, ಅಂಗಡಿಯಲ್ಲಿ ಬಿಡಿಯಾಗಿ ಕತ್ತರಿಸಿ ಕೊಟ್ಟ ಎರಡು ಮಾತ್ರೆ, ಯಾವುದನ್ನೂ ಬಿಡಬೇಡಿ. ಪ್ರತಿಯೊಂದನ್ನು ಶುರು ಮಾಡಿದ ದಿನ ಬರೆದಿಡಿ. ಡಾಕ್ಟರು ಕಳ್ಳನನ್ನು ಹಿಡಿಯುವುದು ಆ ದಿನಾಂಕಗಳಿಂದಲೇ.

ಹಚ್ಚಲು ಮನೆಮದ್ದು ಏನಾದರೂ ಇದೆಯಾ?

ಬೇಡ. ಅರಿಶಿನ, ಬೇವು, ಸುಟ್ಟಗಾಯದ ಕ್ರೀಮು ಯಾವುದೂ ಬೇಡ. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಕ್ರೀಮಿನಲ್ಲಿ ಇರುವುದೂ ಸಲ್ಫಾನೇ. ಗುಳ್ಳೆ ಒಡೆಯಬೇಡಿ, ಚರ್ಮ ಉಜ್ಜಬೇಡಿ, ಸಡಿಲವಾದ ಶುಭ್ರ ಹತ್ತಿ ಬಟ್ಟೆ ಹೊದಿಸಿ ಕರೆದೊಯ್ಯಿರಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಸುಟ್ಟಗಾಯದವರನ್ನು ನೋಡಿಕೊಳ್ಳುವ ಹಾಗೆಯೇ. ಚರ್ಮ ಹೋದಮೇಲೆ ಮೈಯಿಂದ ನೀರು, ಉಪ್ಪಿನಂಶ, ಬಿಸಿ ಎಲ್ಲ ಸೋರಿಹೋಗುತ್ತದೆ. ಅದನ್ನು ತುಂಬುತ್ತಾರೆ. ಸೋಂಕು ತಾಗದಂತೆ ಕಾಯುತ್ತಾರೆ. ಸಾವಿಗೆ ಮುಖ್ಯ ಕಾರಣವೇ ರಕ್ತಕ್ಕೆ ಹರಡುವ ಸೋಂಕು. ಬಾಯಿಂದ ತಿನ್ನಲಾಗದಿದ್ದರೆ ಮೂಗಿನ ಟ್ಯೂಬಿನಲ್ಲಿ ಆಹಾರ. ಜತೆಗೆ ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್, ಇಮ್ಯುನೋಗ್ಲೋಬ್ಯುಲಿನ್ ಥರದ ಔಷಧಿಗಳಲ್ಲಿ ಯಾವುದು, ಎಷ್ಟು ಅನ್ನುವುದರಲ್ಲಿ ತಜ್ಞರ ನಡುವೆ ಇನ್ನೂ ಚರ್ಚೆ ಇದೆ. ಒಬ್ಬ ಡಾಕ್ಟರು ಒಂದು ಹೇಳಿ, ಇನ್ನೊಬ್ಬರು ಇನ್ನೊಂದು ಹೇಳಿದರೆ ಗಾಬರಿಯಾಗಬೇಡಿ.

ಅಕ್ಕನನ್ನು ಬಾಳೆಎಲೆ ಮೇಲೆ ಮಲಗಿಸಿದ್ದರು. ನನಗೆ ಮೊದಲು ಅರ್ಥವಾಗಲಿಲ್ಲ. ಬೆಡ್‌ಶೀಟಿಗೆ ಹಸಿ ಮೈ ಅಂಟಿಕೊಳ್ಳುತ್ತದೆ, ತೆಗೆಯುವಾಗ ಮತ್ತೆ ಕಿತ್ತುಬರುತ್ತದೆ. ಬಾಳೆಎಲೆಯ ನುಣುಪಿಗೆ ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ. ಶುದ್ಧ ಮಾಡಿದ ಎಲೆಗಳನ್ನು ನರ್ಸ್ ಬದಲಾಯಿಸುತ್ತಿದ್ದರು. ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ಈ ಪದ್ಧತಿ ಇದೆ. ಮನೆಯಲ್ಲಿ ಮಾಡುವ ಕೆಲಸ ಮಾತ್ರ ಅಲ್ಲ.

ಚರ್ಮ ಎರಡು ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ. ಕಲೆ ಉಳಿಯುತ್ತದೆ, ಉಗುರು ಉದುರಬಹುದು.

ಇದು ಅಂಟುರೋಗವಾ?

ಅಲ್ಲ. ಮುಟ್ಟಬಹುದು, ಪಕ್ಕ ಕೂರಬಹುದು. ಎಚ್ಚರ ಬೇಕಿರುವುದು ನಮ್ಮಿಂದ ಅವರಿಗೆ ಸೋಂಕು ತಾಗದಿರಲಿ ಅಂತ.

ಕಣ್ಣು ಹೋಗುತ್ತದೆ ಅಂತಾರೆ, ನಿಜವಾ?

ಎಲ್ಲರಿಗೂ ಹೋಗುವುದಿಲ್ಲ. ಆದರೆ ಬದುಕಿ ಬಂದವರನ್ನು ಜೀವನಪೂರ್ತಿ ಕಾಡುವುದು ಹೆಚ್ಚಾಗಿ ಕಣ್ಣೇ. ರೆಪ್ಪೆಯ ಒಳಗಿನ ಮೆತ್ತನೆ ಪೊರೆ ಗಾಯವಾಗಿ ಗುಡ್ಡೆಗೆ ಅಂಟಿಕೊಳ್ಳುತ್ತದೆ. ಕಣ್ಣೀರು ಬತ್ತುತ್ತದೆ. ರೆಪ್ಪೆಕೂದಲು ಒಳಮುಖವಾಗಿ ಬೆಳೆದು, ಕಣ್ಣು ಮಿಟುಕಿಸಿದಾಗೆಲ್ಲ ಕರಿಗುಡ್ಡೆಯನ್ನು ಉಜ್ಜುತ್ತದೆ. ವರ್ಷಗಳ ಮೇಲೆ ಹಾಗೆ ಉಜ್ಜಿ ಉಜ್ಜಿ ಕಣ್ಣು ಮಂಜಾಗುತ್ತದೆ.

ಅದಕ್ಕೇ ಅಡ್ಮಿಟ್ ಆದ ಮೊದಲ ದಿನವೇ ಕಣ್ಣಿನ ಡಾಕ್ಟರು ಬಂದು ನೋಡಲಿ ಅಂತ ಪಟ್ಟು ಹಿಡಿಯಿರಿ. ಜೀವ ಉಳಿಸುವ ಗಡಿಬಿಡಿಯಲ್ಲಿ ಕಣ್ಣು ಹಿಂದೆ ಬೀಳುತ್ತದೆ. ಹೆರಿಗೆಯಲ್ಲಿ ಮಾಸಿನ ಜತೆ ಬರುವ ತೆಳು ಪೊರೆಯನ್ನು ಶುದ್ಧ ಮಾಡಿ ಕಣ್ಣಿನ ಮೇಲೆ, ರೆಪ್ಪೆಯ ಒಳಗೆ ಹೊದಿಸುವ ಚಿಕಿತ್ಸೆ ಇದೆ. ಮೊದಲ ವಾರ ಹತ್ತು ದಿನದೊಳಗೆ ಮಾಡಿದರೆ ಮುಂದಿನ ಎಷ್ಟೋ ತೊಂದರೆ ತಪ್ಪುತ್ತದೆ. ತಡವಾದರೆ ಅಷ್ಟು ಫಲ ಇಲ್ಲ.

ಆಮೇಲಿನ ದಾರಿಗಳೂ ಇವೆ. ತುಟಿಯ ಒಳಚರ್ಮ ತೆಗೆದು ರೆಪ್ಪೆಯ ಅಂಚಿಗೆ ಕಸಿ ಮಾಡುತ್ತಾರೆ. ಸ್ಕ್ಲೀರಲ್ ಲೆನ್ಸ್ ಅಂತ ದೊಡ್ಡ ಲೆನ್ಸು, ಅದರೊಳಗೆ ಸಲೈನ್ ತುಂಬಿ ಹಾಕಿಕೊಂಡರೆ ಕರಿಗುಡ್ಡೆ ಇಡೀ ದಿನ ನೀರಿನಲ್ಲಿ ನೆಂದಿರುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ ಈ ಕಾಯಿಲೆಯ ಕಣ್ಣುಗಳ ಮೇಲೆ ಬಹಳ ಕೆಲಸ ಮಾಡಿವೆ. ಕಣ್ಣೀರು ಪೂರ್ತಿ ಬತ್ತಿ ದೃಷ್ಟಿ ಹೋದವರಿಗೆ, ಅವರದೇ ಹಲ್ಲನ್ನು ಬೇರಿನ ಮೂಳೆ ಸಮೇತ ತೆಗೆದು, ತೂತು ಕೊರೆದು ಸಣ್ಣ ಲೆನ್ಸ್ ಕೂರಿಸಿ, ಕಣ್ಣಿಗೆ ಇಡುವ ಆಪರೇಷನ್ ಕೂಡ ಇದೆ. ಒಣ ಕಣ್ಣಿನಲ್ಲಿ ಮಾಮೂಲಿ ಕಾರ್ನಿಯಾ ಕಸಿ ನಿಲ್ಲುವುದಿಲ್ಲ, ಹಾಗಾಗಿ ಈ ಸಾಹಸ.

ಅಕ್ಕನಿಗೆ ದೃಷ್ಟಿ ಇದೆ. ಗಂಟೆಗೊಮ್ಮೆ ಡ್ರಾಪ್ಸ್ ಬೇಕು. ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಅತ್ತರೆ ನೀರು ಬರುವುದಿಲ್ಲ.

ಯಾರಿಗೆ ಬರುತ್ತದೆ ಅಂತ ಮೊದಲೇ ತಿಳಿಯುವ ರಕ್ತ ಪರೀಕ್ಷೆ ಇದೆಯಾ?

ಕೆಲವು ಔಷಧಿಗಳಿಗೆ ಇದೆ. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪಿನ್‌ನಿಂದ ಈ ಕಾಯಿಲೆ ಬಂದ 44 ಜನರ ರಕ್ತ ನೋಡಿದರು. 44 ಜನರಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ವಂಶವಾಹಿ ಇತ್ತು. ಮಾತ್ರೆ ಒಗ್ಗಿದ 101 ಜನರಲ್ಲಿ ಅದು ಇದ್ದದ್ದು ಮೂವರಿಗೆ ಮಾತ್ರ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಷ್ಯಾ ಮೂಲದವರಿಗೆ ಕಾರ್ಬಮಜೆಪಿನ್ ಶುರು ಮಾಡುವ ಮುಂಚೆ ಈ ಪರೀಕ್ಷೆ ಮಾಡಿ ಅಂತ ಹೇಳಿತು. ಭಾರತದ ಒಂದು ಸಣ್ಣ ಅಧ್ಯಯನದಲ್ಲಿ 8 ರೋಗಿಗಳಲ್ಲಿ 6 ಜನರಿಗೆ ಅದೇ ವಂಶವಾಹಿ ಸಿಕ್ಕಿತು. ಅಲೋಪ್ಯೂರಿನಾಲ್‌ಗೆ ಎಚ್‌ಎಲ್‌ಎ-ಬಿ 58:01 ಎಂಬ ಇನ್ನೊಂದಿದೆ.

ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೂ ಪೂರ್ತಿ ನಿಶ್ಚಿಂತೆ ಇಲ್ಲ, ಬೇರೆ ವಂಶವಾಹಿಗಳಿಂದಲೂ ಬರಬಹುದು. ಆದರೂ ಕಾರ್ಬಮಜೆಪಿನ್ ಬರೆಯುವಾಗ 'ಈ ಪರೀಕ್ಷೆ ಮಾಡಿಸಬಹುದಾ?' ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಒಡಹುಟ್ಟಿದವರು, ಮಕ್ಕಳು ಆ ವಿಷಯವನ್ನು ಪ್ರತಿ ಡಾಕ್ಟರಿಗೂ ಹೇಳಬೇಕು. ನಾನು ಹಲ್ಲಿನ ಡಾಕ್ಟರಿಗೂ ಹೇಳುತ್ತೇನೆ.

ಒಮ್ಮೆ ವಾಸಿಯಾದ ಮೇಲೆ ಮತ್ತೆ ಬರುತ್ತದಾ?

ಅದೇ ಔಷಧಿ ಮತ್ತೆ ಒಳಗೆ ಹೋದರೆ ಬರುತ್ತದೆ. ಅದರ ಹತ್ತಿರದ ನೆಂಟರಿಂದಲೂ ಬರಬಹುದು. ಕಾರ್ಬಮಜೆಪಿನ್‌ನಿಂದ ಬಂದವರಿಗೆ ಆಕ್ಸ್‌ಕಾರ್ಬಜೆಪಿನ್, ಫೆನಿಟೋಯಿನ್, ಫಿನೋಬಾರ್ಬಿಟೋನ್ ಕೂಡ ಕೊಡುವುದಿಲ್ಲ.

ಕಂಪನಿ ಹೆಸರು ನೆನಪಿಟ್ಟುಕೊಂಡರೆ ಸಾಲದು. ಒಂದೇ ಔಷಧಿ ಹತ್ತು ಹೆಸರಿನಲ್ಲಿ ಸಿಗುತ್ತದೆ. ಫೆನಿಟೋಯಿನ್ ಅಂದರೆ ಯಾರಿಗೂ ಗೊತ್ತಾಗದಿರಬಹುದು, ಎಪ್ಟಾಯಿನ್ ಅಂದರೆ ಗೊತ್ತಾಗುತ್ತದೆ. ಆದರೆ ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟರೆ ಆ ಹೆಸರು ಸ್ಟ್ರಿಪ್ಪಿನ ಮೇಲೆ ಇರುವುದೇ ಇಲ್ಲ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಮೂಲ ಹೆಸರು ಓದಿ. ಅಕ್ಕನ ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಕಾರ್ಡ್ ಇದೆ. ಮೂಲ ಹೆಸರು, ಏನಾಯಿತು, ಯಾವ ವರ್ಷ, ಕೊಡಬಾರದ ನಾಲ್ಕು ಔಷಧಿ. ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲೂ ಇದೆ.

ಮುಟ್ಟಿನ ನೋವಿಗೆ ತಗೊಳ್ಳುವ ಮಾತ್ರೆ ಬಗ್ಗೆಯೂ ಸರ್ಕಾರ ಎಚ್ಚರಿಸಿತ್ತಲ್ವಾ?

ಹೌದು. 2023ರ ಕೊನೆಯಲ್ಲಿ ಭಾರತೀಯ ಫಾರ್ಮಾಕೋಪಿಯಾ ಆಯೋಗ ಮೆಫೆನಾಮಿಕ್ ಆಸಿಡ್ ಬಗ್ಗೆ ಸೂಚನೆ ಹೊರಡಿಸಿತು. ಅದು ಹೇಳಿದ್ದು 'ಡ್ರೆಸ್' ಎಂಬ ಇನ್ನೊಂದು ಅಲರ್ಜಿಯ ಬಗ್ಗೆ. ಔಷಧಿ ಶುರು ಮಾಡಿ ಎರಡರಿಂದ ಎಂಟು ವಾರದಲ್ಲಿ ಜ್ವರ, ಮೈಯೆಲ್ಲ ದದ್ದು, ಮುಖ ಊತ, ಕತ್ತಿನ ಗಂಟು, ಜತೆಗೆ ಲಿವರ್ ಅಥವಾ ಕಿಡ್ನಿಗೆ ಪೆಟ್ಟು. ಅದೂ ಅಪರೂಪವೇ. ಆದರೆ ಚೀಟಿ ಇಲ್ಲದೆ ಕೈಗೆ ಸಿಗುವ ಮಾತ್ರೆಯಾದ್ದರಿಂದ ಲಕ್ಷಣ ತಿಳಿದಿರಲಿ.

ಇದನ್ನೆಲ್ಲ ಓದಿದ ಮೇಲೆ ಮಾತ್ರೆ ನುಂಗಲೇ ಭಯ ಆಗುತ್ತಿದೆ. ನಿಲ್ಲಿಸಿಬಿಡಲಾ?

ದಯವಿಟ್ಟು ನಿಲ್ಲಿಸಬೇಡಿ. ಫಿಟ್ಸ್ ಬಂದು ಒಲೆ ಮೇಲೆ, ಬಾವಿ ಕಟ್ಟೆ ಮೇಲೆ ಬೀಳುವ ಅಪಾಯ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಕ್ಕ ಈಗಲೂ ಫಿಟ್ಸ್ ಮಾತ್ರೆ ನುಂಗುತ್ತಾಳೆ, ಬೇರೆಯದು. ವರ್ಷಗಳಿಂದ ಒಗ್ಗಿರುವ ಮಾತ್ರೆ ಆರಾಮಾಗಿ ಮುಂದುವರಿಸಿ. ಹೊಸದು ಶುರು ಮಾಡುವಾಗ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಮಾತ್ರೆಯ ಹೆಸರು ಬರೆಯಿರಿ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ಅದೂ ಇರುತ್ತದೆ.

ಇಂಥದ್ದು ಆದರೆ ಎಲ್ಲಿಗಾದರೂ ತಿಳಿಸಬೇಕಾ?

ತಿಳಿಸಿ. ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡಲು 2010ರಿಂದ ಕೇಂದ್ರ ಸರ್ಕಾರದ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಘಾಜಿಯಾಬಾದಿನಿಂದ ನಡೆಯುತ್ತದೆ. ಉಚಿತ ನಂಬರ್ 1800-180-3024. ಡಾಕ್ಟರೇ ಬರೆಯಬೇಕು ಅಂತಿಲ್ಲ, ರೋಗಿಯ ಮನೆಯವರೂ ಬರೆಯಬಹುದು. ಅವರ ಫಾರಂ ಕನ್ನಡದಲ್ಲೂ ಇದೆ. ಒಂದೊಂದು ವರದಿ ಸೇರಿ ಸೇರಿಯೇ ಮೆಫೆನಾಮಿಕ್ ಆಸಿಡ್ ಬಗ್ಗೆ ಬಂದಂಥ ಎಚ್ಚರಿಕೆ ಹೊರಡುವುದು.

ಅಕ್ಕ ಮನೆಗೆ ಬಂದು ಎರಡು ತಿಂಗಳಾದ ಮೇಲೆ ನಾವಿಬ್ಬರೂ ಕೂತು ಅದನ್ನು ತುಂಬಿದೆವು. ಅವಳಿಗೆ ಆಗ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ, ಅವಳು ಹೇಳಿದಳು, ನಾನು ಬರೆದೆ. ಔಷಧಿ ಶುರು ಮಾಡಿದ ದಿನಾಂಕ, ನಿಲ್ಲಿಸಿದ ದಿನಾಂಕ ಅಂತ ಅದರಲ್ಲಿ ಕೇಳುತ್ತಾರೆ. ಲೆಕ್ಕ ಹಾಕಿದರೆ 18 ದಿನ. ಗಂಟಲು ನೋವು ಶುರುವಾದದ್ದು 15ನೇ ದಿನ.